ಮೇಲಿನ ಸುದ್ದಿ, ಕೆಳಗಿನ ಫೋಟೊ

ಸುದ್ದಿಯಲ್ಲಿ ಫೋಟೊ ಬಂದದ್ದೇ ರೇಣುಕಪ್ಪನಿಗೆ ಮುಳುವಾಯಿತು.

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್. ಹಿಂದಿನ ವಾರ ಸೀಟಿನ ಸಂದಿಯಲ್ಲಿ ಸಿಕ್ಕ ಚಿನ್ನದ ಸರವನ್ನು ಕಳೆದುಕೊಂಡವರ ಮನೆ ಹುಡುಕಿಕೊಂಡು ಹೋಗಿ ಕೊಟ್ಟುಬಂದಿದ್ದ. ಗುರುವಾರ ಬೆಳಿಗ್ಗೆ ‘ಘಟ್ಟದ ಸುದ್ದಿ’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಅದು ಬಂತು: ‘ಚಿನ್ನದ ಸರ ಮರಳಿಸಿದ ಪ್ರಾಮಾಣಿಕ ಕಂಡಕ್ಟರ್’. ಕೆಳಗೆ ಅವನ ಫೋಟೊ. ಹಲ್ಲು ಕಾಣದಂತೆ ನಗಲು ಹೋಗಿ, ಬಿಸಿ ಬೋಂಡ ಬಾಯಿಗಿಟ್ಟುಕೊಂಡವನ ಹಾಗೆ ಕಾಣುತ್ತಿದ್ದ. ಆದರೂ ಹನ್ನೊಂದು ಸಲ ನೋಡಿದ.

ಅವತ್ತು ರಜೆ. ಶೃಂಗೇರಿಯಲ್ಲಿ ಹೆಂಡತಿಯ ಅಣ್ಣ ಬೈರಪ್ಪನ ಹೊಸ ಮನೆಯ ಗೃಹಪ್ರವೇಶ. ಹೆಂಡತಿ ಸುಲೋಚನ ಹಿಂದಿನ ದಿನವೇ ಹೋಗಿದ್ದಳು. ರೇಣುಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊಪ್ಪದ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದ.

“ಬಾ ಮಾರಾಯ! ಊರಿನ ಮರ್ಯಾದೆ ಉಳಿಸ್ದೆ,” ಎಂದು ಹೋಟೆಲಿನ ನಾರಾಯಣ ಕಾಫಿ ತಂದಿಟ್ಟ. “ದುಡ್ಡು ಬೇಡ.”

ಪಕ್ಕದ ಮೇಜಿನಲ್ಲಿ ನಿವೃತ್ತ ಮೇಷ್ಟ್ರು ಸುಬ್ರಾಯರು ತಮ್ಮ ಐಫೋನನ್ನು ಒಮ್ಮೆ, ರೇಣುಕಪ್ಪನನ್ನು ಒಮ್ಮೆ ನೋಡಿದರು. ಆಮೇಲೆ ಮೇಜಿನಡಿ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಲ್ಲೇ ಎಳೆದು, ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಎಂತ ಸಾರ್, ಚಪ್ಪಲಿ ಕಿತ್ತೋಯ್ತಾ?”

“ಇಲ್ಲಪ್ಪ, ಗಟ್ಟಿ ಇದೆ. ಹಂಗಾಗೇ ಹೆದರಿಕೆ,” ಎಂದು ಅವರು ಎದ್ದು ಹೋದರು.

ರೇಣುಕಪ್ಪನಿಗೆ ಅರ್ಥವಾಗಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡು ಬಸ್ಸು ಹತ್ತಿದ.

ಶೃಂಗೇರಿಯಲ್ಲಿ ಅರ್ಥವಾಗದ್ದು ಇನ್ನೂ ಹೆಚ್ಚಾಯಿತು. ಬೈರಪ್ಪನ ಮನೆ ಮುಂದೆ ಐವತ್ತು ಅರವತ್ತು ಜೊತೆ ಚಪ್ಪಲಿ ಬಿದ್ದಿದ್ದವು. ರೇಣುಕಪ್ಪ ಗೇಟು ದಾಟಿದ್ದೇ ತಡ, ಸಿಟೌಟಿನಲ್ಲಿ ಕೂತಿದ್ದ ಗಂಡಸರು ಮಳೆ ಬಂದಾಗ ಅಂಗಳದ ಹಪ್ಪಳ ಎತ್ತುವವರ ಹಾಗೆ ಧಾವಿಸಿ ತಮ್ಮ ತಮ್ಮ ಜೋಡು ಎತ್ತಿಕೊಂಡರು. ಒಬ್ಬರು ಕಂಕುಳಲ್ಲಿ, ಇನ್ನೊಬ್ಬರು ಹೂವಿನ ಕುಂಡದ ಹಿಂದೆ.

ಒಳಗೆ ಬೇರೆಯೇ ಕಥೆ. ಸುಲೋಚನ ತನ್ನ ಫೋನು ಹಿಡಿದು ಅಡುಗೆಮನೆಯ ಹೆಂಗಸರಿಗೆಲ್ಲ ಗಂಡನ ಫೋಟೊ ತೋರಿಸಿ ಮುಗಿಸಿದ್ದಳು. “ನಿಮ್ಮಂಥವರು ಎಲ್ಲಿ ಸಿಗ್ತಾರೆ ಅಣ್ಣ!” ಎಂದು ಅವರು ಎಲೆಗೆ ನಾಲ್ಕು ಹೋಳಿಗೆ ಬಡಿಸಿದರು. ಪಕ್ಕದ ಎಲೆಯವರು ಮಾತ್ರ ಉಣ್ಣುತ್ತಲೇ ಕುತ್ತಿಗೆ ಉದ್ದ ಮಾಡಿ ಬಾಗಿಲ ಕಡೆ ನೋಡುತ್ತಿದ್ದರು.

ಊಟವಾದ ಮೇಲೆ ಬೈರಪ್ಪ ಅವನನ್ನು ಬಾವಿಕಟ್ಟೆಯ ಹತ್ತಿರ ಕರೆದ. ಹೊಸ ಮನೆಯ ಜೊತೆಗೇ ಹೊಸ ಐಫೋನು ಕೊಂಡಿದ್ದ ಅವನು ಅದನ್ನು ಬೆಳಿಗ್ಗೆಯಿಂದ ಕೈಯಿಂದ ಕೈಗೆ ದಾಟಿಸಿದ್ದ.

“ಎಂತಕ್ಕೆ ಹಿಂಗ್ ಮಾಡ್ದೆ ಮಾರಾಯ?”

“ಮನಸ್ಸು ಕೇಳ್ಲಿಲ್ಲ ಭಾವ,” ಎಂದ ರೇಣುಕಪ್ಪ ನಾಚಿಕೆಯಿಂದ.

“ಎಷ್ಟು ದಿನದಿಂದ ನಡೀತಿದೆ?”

“ಕೆಲ್ಸಕ್ಕೆ ಸೇರಿದ ದಿನದಿಂದ. ಛತ್ರಿ, ಚೀಲ, ಒಂದ್ಸಲ ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಒಂದನ್ನೂ ಬಿಟ್ಟವನಲ್ಲ.”

“ಸುಲೋಚನಂಗೆ ಗೊತ್ತಾ?”

“ಅವಳೇ ಅಲ್ವಾ ಧೈರ್ಯ ಕೊಡೋದು!”

ಬೈರಪ್ಪ ಬಾವಿಕಟ್ಟೆ ಹಿಡಿದುಕೊಂಡ. “ಕಷ್ಟ ಇದ್ರೆ ನನ್ನ ಕೇಳ್ಬಹುದಿತ್ತಲ್ಲ. ವರ್ಷಕ್ಕೆರಡು ಜೊತೆ ನಾನೇ ಕೊಡಿಸ್ತಿದ್ದೆ,” ಎಂದು ಫೋನು ಮುಂದೆ ಹಿಡಿದ.

ರೇಣುಕಪ್ಪ ನೋಡಿದ. ಫೋಟೊ ಅವನದೇ. ಅದರ ಮೇಲೆ ದಪ್ಪ ಅಕ್ಷರದಲ್ಲಿ: ‘ಸಮಾರಂಭಗಳಲ್ಲಿ ಉಂಡು ಚಪ್ಪಲಿ ಕದಿಯುತ್ತಿದ್ದವ ಸೆರೆ’. “ನಾನೆಂಥ ಕಳ್ಳ ಭಾವ! ನಾನು ಚಿನ್ನದ ಸರ ವಾಪಸ್ ಕೊಟ್ಟವ!” ಎಂದು ಕೂಗಿ ತನ್ನ ಫೋನು ತೆಗೆದು ತೋರಿಸಿದ.

ಕೂಗಾಟ ಕೇಳಿ ಬೈರಪ್ಪನ ಮಗಳು ನಿಶ್ಚಿತಾ ಓಡಿಬಂದಳು. ಅಪ್ಪನ ಐಫೋನು, ಮಾವನ ಆಂಡ್ರಾಯ್ಡು, ಎರಡನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಳು.

“ಆ್ಯಪ್ ಒಂದೇ, ಜೋಡಿಸಿದ್ದು ಬೇರೆ ಬೇರೆ. ಮಾವನ ಫೋನಲ್ಲಿ ಹೆಡ್ಡಿಂಗ್ ಮೇಲೆ, ಫೋಟೊ ಕೆಳಗೆ. ಅಪ್ಪಂದ್ರಲ್ಲಿ ಫೋಟೊ ಮೇಲೆ, ಹೆಡ್ಡಿಂಗ್ ಕೆಳಗೆ. ಕಳ್ಳನ ಸುದ್ದಿ ಅದಕ್ಕಿಂತ ಮೊದಲೇ ಇದೆ, ಅದಕ್ಕೆ ಫೋಟೊನೇ ಇಲ್ಲ. ಹಂಗಾಗಿ ಮಾವ ಹೋಗಿ ಕಳ್ಳನ ಕೆಳಗೆ ಕೂತಿದ್ದಾರೆ.”

ಬೈರಪ್ಪ ಎರಡೂ ಫೋನನ್ನು ತಿರುಗಿಸಿ ನೋಡಿದ. “ಆದ್ರೂ ಕೂಸೇ, ಇದು ಲಕ್ಷ ರೂಪಾಯಿ ಫೋನು. ಸುಮ್ಮನೆ ಹಂಗೆಲ್ಲ ತೋರಿಸ್ತದಾ?”

ಇನ್ನು ಇಲ್ಲಿ ನಿಂತು ಪ್ರಯೋಜನವಿಲ್ಲ ಎಂದು ರೇಣುಕಪ್ಪ ಸಿಕ್ಕಿದ ಬಸ್ಸು ಹತ್ತಿದ. ಕೊಪ್ಪದಲ್ಲಿ ಇಳಿದು, ಇನ್ನೊಂದು ಹತ್ತಿ ನರಸಿಂಹರಾಜಪುರ ಮುಟ್ಟುವಾಗ ನಾಲ್ಕು ಗಂಟೆ. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ‘ಘಟ್ಟದ ಸುದ್ದಿ’ಯ ಆಫೀಸು. ಸಂಪಾದಕ, ವರದಿಗಾರ, ಕಂಪ್ಯೂಟರಿನವನು ಎಲ್ಲವೂ ಆಗಿದ್ದ ವಿವೇಕ ಒಬ್ಬನೇ ಕೂತು ಮಂಡಕ್ಕಿ ತಿನ್ನುತ್ತಿದ್ದ. ರೇಣುಕಪ್ಪ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಇಳಿಸಿದ.

“ಛೆ, ತಪ್ಪಾಯ್ತು ಸಾರ್. ಈಗ ಎಂತ ಮಾಡ್ಲಿ ಹೇಳಿ?”

“ಎರಡು ಫೋನಲ್ಲೂ ಒಂದೇ ತರ ಕಾಣ್ಬೇಕು. ಅಷ್ಟೇ!”

“ಅಷ್ಟೇ ತಾನೆ? ಕೂತ್ಕಳಿ.”

ವಿವೇಕ ಕೈ ಒರೆಸಿಕೊಂಡು ಅರ್ಧ ಗಂಟೆ ಕೀಲಿಮಣೆ ಕುಟ್ಟಿದ. ಕಡೆಗೆ, “ಆಯ್ತು ಸಾರ್. ಈಗ ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ,” ಎಂದ.

ರೇಣುಕಪ್ಪನಿಗೆ ಮಧ್ಯಾಹ್ನದಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ತನ್ನ ಆಂಡ್ರಾಯ್ಡು ಫೋನು ತೆಗೆದು ನೋಡಿದ. ‘ಚಪ್ಪಲಿ ಕದಿಯುತ್ತಿದ್ದವ ಸೆರೆ’. ಕೆಳಗೆ ಅವನೇ, ಬೋಂಡ ಬಾಯಿಗಿಟ್ಟುಕೊಂಡವನ ಹಾಗೆ.

“ಎಂತ ಮಾಡಿದ್ದೀಯ ಮಾರಾಯ?”

“ಐಫೋನಿಂದು ಮುಟ್ಟೋಕೆ ನಂಗೆ ಬರಲ್ಲ ಸಾರ್, ಅದನ್ನ ಮಾಡಿದವ ಕೆಲಸ ಬಿಟ್ಟು ಹೋದ. ಅದಕ್ಕೆ ಆಂಡ್ರಾಯ್ಡನ್ನೇ ಅದರ ತರ ಮಾಡ್ದೆ. ಎರಡೂ ಒಂದೇ ಆಯ್ತಲ್ಲ?”

“ಐಫೋನಲ್ಲಿ ನೋಡೋರು ಎಷ್ಟು ಜನ?”

“ನಲವತ್ತು ಇರಬಹುದು.”

“ಇದ್ರಲ್ಲಿ?”

“ಹದಿನೆಂಟು ಸಾವಿರ,” ಎಂದ ವಿವೇಕ ಹೆಮ್ಮೆಯಿಂದ.

ಅಷ್ಟರಲ್ಲಿ ರೇಣುಕಪ್ಪನ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಸುಲೋಚನ.

“ರೀ,” ಎಂದಳು, ಸುತ್ತ ಯಾರಿಗೂ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿ, “ಸತ್ಯ ಹೇಳಿ, ನಾನು ಬೈಯಲ್ಲ. ಹೋದ ತಿಂಗಳು ನಂಗೆ ತಂದುಕೊಟ್ರಲ್ಲ ಆ ಚಪ್ಪಲಿ, ಅದು ಅಂಗಡೀದೇ ತಾನೆ?”