ಕರಿ ನಾಲ್ಕು ಬಿಡದ ನಮ್ಮತ್ತೆ

ನಮ್ಮ ಸೋದರತ್ತೆಯ ಹಟದ ಮುಂದೆ ಯಲಬುರ್ಗಾದ ಬಿಸಿಲು ಕೂಡ ಸೋತು ನೆರಳಿಗೆ ಹೋಗಿ ಕೂತದ್ದುಂಟು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಒಮ್ಮೆ ಆಕೆಯ ಹಾರ್ಮೋನಿಯಂ ಮುಂದೆ ಹಾಡಲು ಕೂತು ನೋಡಿ, ಆಮೇಲೆ ಮಾತಾಡೋಣ!

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿಯಲ್ಲಿ ಬಿಳಿ ಪಟ್ಟಿಗಳಿರುತ್ತವೆ, ಕರಿ ಪಟ್ಟಿಗಳಿರುತ್ತವೆ. ಒಬ್ಬೊಬ್ಬರ ದನಿಗೆ ಒಂದೊಂದು ಪಟ್ಟಿ ಹಿತ. ಹಾಡುವವರು ‘ನನ್ನದು ಬಿಳಿ ಒಂದು’ ಎಂದರೆ ನುಡಿಸುವವರು ಅಲ್ಲಿಂದ ಸಾ ಹಿಡಿಯಬೇಕು, ‘ಕರಿ ಎರಡು’ ಎಂದರೆ ಅಲ್ಲಿಂದ. ಇದು ಲೋಕದ ರೀತಿ. ನಮ್ಮತ್ತೆಯ ರೀತಿ ಬೇರೆ. ಆಕೆಗೆ ಬರುವುದು ಕರಿ ನಾಲ್ಕು ಒಂದೇ. ಬೇವೂರಿನಲ್ಲಿ ನಮ್ಮಜ್ಜ ಮಗಳಿಗೆ ಪೇಟಿ ಕಲಿಸಲು ಶುರುಮಾಡಿದ್ದು ಕರಿ ನಾಲ್ಕರಿಂದ. ಉಳಿದವನ್ನು ಕಲಿಸುವಷ್ಟರಲ್ಲಿ ಮಗಳಿಗೆ ಅಂಗನವಾಡಿಯಿಂದ ಕರೆ ಬಂತು, ಅಜ್ಜನಿಗೆ ಮೇಲಿನಿಂದ ಕರೆ ಬಂತು. ಹೀಗಾಗಿ ಆಕೆಯ ಪಾಲಿಗೆ ಸಂಗೀತವೆಂದರೆ ಕರಿ ನಾಲ್ಕು. ಉಳಿದದ್ದೆಲ್ಲ ಬರೀ ಸಪ್ಪಳ!

ಒಮ್ಮೆ ಹುಲಿಹೈದರದ ಕಡೆಯಿಂದ ಬಂದ ಭಜನೆಯ ಹಿರಿಯರೊಬ್ಬರು ವಿನಯದಿಂದಲೇ ಹೇಳಿದರು, “ಅಕ್ಕಾರ, ನಂದು ಬಿಳಿ ಒಂದ್ರೀ.”

“ಇರವಲ್ದ್ಯಾಕ್ರೀ,” ಎಂದಳು ಅತ್ತೆ. “ದೇವರ ಮುಂದ ಬಂದೀರಿ. ಸ್ವಲ್ಪ ಮ್ಯಾಲ ಬರ್ರಿ.”

ಪಾಪ, ಬಂದರು. ಮೊದಲ ಸಾಲಿಗೆ ಅವರ ಕುತ್ತಿಗೆಯ ನರ ಉಬ್ಬಿದವು. ಎರಡನೆಯ ಸಾಲಿಗೆ ಕಣ್ಣು ಹೊರಗೆ ಬಂದವು. ಮೂರನೆಯ ಸಾಲಿಗೆ ಹಿತ್ತಲಲ್ಲಿ ಕಟ್ಟಿದ್ದ ಆಡು ‘ಮ್ಯಾ’ ಎಂದು ಓಗೊಟ್ಟಿತು!

ಆದರೆ ಒಂದು ದನಿ ಮಾತ್ರ ಆ ಪಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿತ್ತು. ಅದು ಶಂಕ್ರವ್ವನದು. ಶಂಕ್ರವ್ವ ಅದೇ ಓಣಿಯವಳು. ಅತ್ತೆ ಯಲಬುರ್ಗಾಕ್ಕೆ ಸೊಸೆಯಾಗಿ ಬಂದ ಕಾಲಕ್ಕೇ ಅವಳೂ ಬಂದಳು. ಅವಳದು ಕೂಲಿನಾಲಿ. ಕಂಡವರ ಹೊಲದಲ್ಲಿ ಕಸ ತೆಗೆಯುತ್ತ ಅವಳು ದನಿ ತೆಗೆದರೆ ಆಚೆ ಹೊಲದ ಆಳುಗಳು ಕಳೆ ತೆಗೆಯುವ ಕುರುಚಿಗೆಯನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. ಇಬ್ಬರ ಗಂಡಂದಿರೂ ಬೇಗ ತೀರಿಹೋದರು. ಅತ್ತೆಗೆ ಮಕ್ಕಳಿಲ್ಲ. ಶಂಕ್ರವ್ವನಿಗೆ ಒಬ್ಬ ಮಗ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹಬ್ಬಕ್ಕೆ ಬರುತ್ತಾನೆ. ಇವರಿಬ್ಬರೂ ಸೇರಿ ಕಟ್ಟಿದ ಹೆಂಗಸರ ಭಜನಾ ಮಂಡಳಿ ಒಂದು ಕಾಲಕ್ಕೆ ಪಡಸಾಲೆ ತುಂಬುತ್ತಿತ್ತು. ಆಮೇಲೆ ಕೊಟ್ರವ್ವ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋದಳು. ಬಸಮ್ಮ ಟೀಚರ್‌ಗೆ ಮೊಣಕಾಲು ಕೈಕೊಟ್ಟಿತು. ಗೌರವ್ವ ದೇವರ ಕಡೆಗೇ ಹೋದಳು. ಉಳಿದವರನ್ನು ಟಿವಿ ಧಾರಾವಾಹಿ ಎಳೆದುಕೊಂಡಿತು. ಕೊನೆಗೆ ಉಳಿದದ್ದು ಒಂದು ಪೇಟಿ, ಒಂದು ದನಿ.

ಇಂಥ ಅತ್ತೆ, ಪಿಂಚಣಿ ಇಲ್ಲದ ಅಂಗನವಾಡಿ ನೌಕರಿಯಿಂದ ನಿವೃತ್ತಳಾದ ಮೇಲೆ ಒಂದು ಮುಂಜಾನೆ ಕೊಪ್ಪಳದ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲ.

“ಅಳಿಯಾ, ಅಂಗಿ ಹಾಕ್ಕೋ. ಗಂಗಾವತಿಗೆ ಹೋಗೂಣು. ಕಂಪ್ಯೂಟರ್ ತರೂದೈತಿ.”

ನಾನು ಚಹಾ ಕುಡಿಯುತ್ತಿದ್ದೆ. ಅದು ಮೂಗಿನಿಂದ ಬಂತು!

ಗಂಗಾವತಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಯವನು ಮರ್ಯಾದೆಯಿಂದಲೇ ವಿಚಾರಿಸಿದ, “ಯಾವ ಕೆಲಸಕ್ಕ ಬೇಕ್ರೀ ಅಮ್ಮಾ? ಟೈಪಿಂಗಿಗೋ, ಸಿನಿಮಾ ನೋಡಾಕೋ?”

“ನಾ ಒಂದು ಸ್ವರ ಒತ್ತಿದ್ರ ಅದರಾಗಿಂದ ಬ್ಯಾರೆ ಸ್ವರ ಬರಬೇಕು. ಅಂಥಾದ್ದು ಕೊಡು.”

ಅವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ದನಿ ತಗ್ಗಿಸಿ ನನ್ನ ಕಿವಿಯಲ್ಲಿ, “ಅಮ್ಮಾರು ಆರಾಮ ಅದಾರಲ್ರೀ?” ಎಂದ.

ಆದರೆ ಅತ್ತೆ ಎಲ್ಲ ವಿಚಾರಿಸಿಕೊಂಡೇ ಬಂದಿದ್ದಳು. ಅದೇ ಊರಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನೊಬ್ಬ ಆಕೆಗೆ ಪೇಟಿಯಂತೆ ಪಟ್ಟಿಗಳಿರುವ ಒಂದು ಬೋರ್ಡು ಕೊಡಿಸಿದ. ಆ ಬೋರ್ಡಿಗೆ ಸ್ವಂತ ದನಿಯೇ ಇಲ್ಲ. ಒತ್ತಿದರೆ ಮೂಕಬಸವ! ವೈರು ಚುಚ್ಚಿ ಕಂಪ್ಯೂಟರಿಗೆ ಹಚ್ಚಿದಾಗ ‘ಇಂಥ ಪಟ್ಟಿ ಒತ್ತಿದರು’ ಎಂಬ ಸುದ್ದಿಯಷ್ಟೇ ಒಳಗೆ ಹೋಗುತ್ತದೆ. ಅದನ್ನು ಯಾವ ಸ್ವರವಾಗಿ ಹೊರಗೆ ಬಿಡಬೇಕೆಂಬುದು ಕಂಪ್ಯೂಟರಿನ ಯಜಮಾನಿಕೆ. ಒಂದು ಪಟ್ಟಿ ಇಳಿಸು ಎಂದರೆ ಇಳಿಸುತ್ತದೆ, ಏರಿಸು ಎಂದರೆ ಏರಿಸುತ್ತದೆ. ಬೆರಳು ಮಾತ್ರ ಕರಿ ನಾಲ್ಕರ ಮೇಲೇ ಇರುತ್ತದೆ. ಅತ್ತೆಯ ಹಟಕ್ಕೆ ವಿಜ್ಞಾನವೇ ಶರಣಾಯಿತಲ್ಲ ಎಂದು ನಾನು ನಕ್ಕೆ.

ಶುರುವಿನಲ್ಲಿ ಕಂಪ್ಯೂಟರೂ ಹಟಮಾರಿಯೇ ಆಗಿತ್ತು. ಅತ್ತೆ ಒತ್ತಿದ ಮೇಲೆ ಸ್ವರ ಮೈಮುರಿದು, ಆಕಳಿಸಿ, ಆಮೇಲೆ ಹೊರಬರುತ್ತಿತ್ತು. ಹಾಡು ಮುಂದೆ, ಪೇಟಿ ಹಿಂದೆ. ಶಂಕ್ರವ್ವ ಒಂದು ಪದ ಮುಗಿಸಿ ಕೇಳಿದಳು, “ಏನ್ ಯವ್ವಾ, ನಿನ್ನ ಪೇಟಿ ಊಟಾ ಮುಗಿಸಿ ಬರ್ತೈತೇನ?” ಇನ್ನೊಮ್ಮೆ ತೊಟ್ಟಿಲು ಕಾರ್ಯಕ್ರಮದಲ್ಲಿ ಅತ್ತೆಯ ಬೆರಳು ಎಲ್ಲೋ ತಗುಲಿ, ಜೋಗುಳದ ನಡುವೆ ಮದುವೆ ಬ್ಯಾಂಡಿನ ತುತ್ತೂರಿ ಹೊಡೆಯಿತು. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಎದ್ದು ಚೀರಿತು. ಕೂಸಿನ ಅಜ್ಜ ಮಾತ್ರ ಭಾಳ ಖುಷಿಪಟ್ಟು, “ಬಸುರಿಗೆ ಕುಬುಸಾ ಮಾಡಿದಾಗ ಬಾರಿಸಾವ್ರು ಬಂದಿರಲಿಲ್ಲ, ಈಗ ಬಂದ್ರು ನೋಡ್ರಿ!” ಎಂದ.

ಒಂದು ಭಾನುವಾರ ಅತ್ತೆಯ ಮನೆಗೆ ಹೋದಾಗ ಇಬ್ಬರೂ ಹಾಡಿನಲ್ಲಿದ್ದರು. ನಾನು ಅತ್ತೆಯ ಹಿಂದೆ ಕೂತೆ. ಪರದೆಯ ಮೂಲೆಯಲ್ಲಿ ‘ಮೈನಸ್ ಮೂರು’ ಎಂದು ಕಾಣುತ್ತಿತ್ತು. ಶಂಕ್ರವ್ವ ಹೋದ ಮೇಲೆ ಕೇಳಿದೆ, “ಅತ್ತಿ, ಇದೇನಿದು ಮೈನಸ್ಸು?”

ಅತ್ತೆ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

“ಆಕಿ ದನಿ ಇಳದೈತಿ,” ಎಂದಳು. “ಹೋದ ವರ್ಷದಿಂದ ಮ್ಯಾಲಿನ ಸಾ ಮುಟ್ಟೂ ಮುಂದ ಅರಿವಿ ಹರದಂಗ ಹರೀತಿತ್ತು. ಮೊದಲ ಒಂದು ಪಟ್ಟಿ ಇಳಿಸಿದೆ. ಈಗ ಮೂರು.”

“ಆಕಿಗೆ ಗೊತ್ತೈತೇನು?”

“ಇಲ್ಲ. ಆಕಿ ನನ್ನ ಕೈ ನೋಡ್ತಾಳ. ಕೈ ಕರಿ ನಾಕ್ರಾಗ ಐತಿ. ತನ್ನ ದನಿ ಇನ್ನಾ ಹಂಗ ಐತಿ ಅನ್ಕೊಂಡಾಳ.”

“ಹೇಳಿದ್ರ ಏನಾಕ್ಕಿತ್ತು?”

“ಏನಂತ ಹೇಳ್ಲಿ ಅಳಿಯಾ? ಗಂಡ ಹೋದಾಗ ಆಕಿ ನನ್ನ ಮುಂದ ಏನಂದಿದ್ಲು ಗೊತ್ತೇನು? ‘ದೇವರು ಎಲ್ಲಾ ಕಸಗೊಂಡ, ಈ ದನಿ ಒಂದ ಬಿಟ್ಟ’ ಅಂದಿದ್ಲು. ಅದೂ ಹೋತು ಅಂತ ನಾನ ಹೇಳ್ಲೇನು?”

ಕೇಳಿದವರು ಹುಚ್ಚಿ ಎನ್ನುವಂಥ ಕಂಪ್ಯೂಟರ್ ಖರೀದಿಯ ಒಳಗುಟ್ಟು ಇದಾಗಿತ್ತು. ನನಗೆ ನಗು ಬರಲಿಲ್ಲ.

ಅನಾಹುತ ನಡೆದದ್ದು ಮಂಗಳೂರಿನಲ್ಲಿ. ಮಂಗಳೂರೆಂದ ಕೂಡಲೇ ಮೀನು, ಸಮುದ್ರ, ಹಡಗು ಎಂದು ಕನಸು ಕಾಣಬೇಡಿ. ಇದು ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಇಲ್ಲಿ ಅಲೆ ಏಳುವುದು ಜೋಳದ ಹೊಲದಲ್ಲಿ ಮಾತ್ರ! ಅಲ್ಲೊಂದು ಹೊಸ ಮನೆಯ ಗೃಹಪ್ರವೇಶಕ್ಕೆ ಇವರಿಬ್ಬರ ಭಜನೆ ಇಟ್ಟಿದ್ದರು. ಲ್ಯಾಪ್‌ಟಾಪ್ ಹೊರಲು ನಾನೂ ಹೋಗಿದ್ದೆ. ಮೊದಲ ಪದ ಚೆನ್ನಾಗಿ ಆಯಿತು. ಎರಡನೆಯದರ ನಡುವೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹಿಂದಿನ ಯಜಮಾನನ ಕಾಲಕ್ಕೇ ತೀರಿಕೊಂಡಿತ್ತು. ಪರದೆ ಕಪ್ಪಾಯಿತು, ಬೋರ್ಡು ಮೂಕವಾಯಿತು.

“ಚಿಂತಿ ಬ್ಯಾಡ್ರಿ,” ಎಂದ ಮನೆಯ ಯಜಮಾನ. “ನಮ್ಮ ಗುಡ್ಯಾಗ ಪೇಟಿ ಐತಿ, ತರಸ್ತೀನಿ.”

ಅತ್ತೆಯ ಮುಖ ಇಳಿಯಿತು. ಪೇಟಿ ಬಂದಾಗ ಆಕೆ ಹೇಳಿದ ನೆವಗಳನ್ನು ನೀವು ಕೇಳಬೇಕಿತ್ತು! “ಇದರ ಗಾಳಿ ಸೋರ್ತೈತಿ.” ಸೋರುತ್ತಿರಲಿಲ್ಲ. “ನನ್ನ ರಟ್ಟಿ ಬ್ಯಾನಿ ಅಕ್ಕೈತಿ.” ಆಗುತ್ತಿರಲಿಲ್ಲ. “ಮೊದಲ ಎಲ್ಲಾರೂ ಊಟಾ ಮಾಡ್ರಿ.” ಅಡುಗೆ ಇನ್ನೂ ಒಲೆಯ ಮೇಲಿತ್ತು.

“ಏ, ಸಾಕು ಮಾಡ,” ಎಂದು ಶಂಕ್ರವ್ವ ಸೆರಗು ಸರಿಮಾಡಿಕೊಂಡಳು. “ಎದ್ದು ಹೋಗಬ್ಯಾಡ್ರಿ, ಕುಂದರ್ರಿ,” ಎಂದು ಜನಕ್ಕೆ ಹೇಳಿ ಅತ್ತೆಯ ಕಡೆ ತಿರುಗಿದಳು. “ಹಿಡಿ ನಿನ್ನ ಕರಿ ನಾಕು.”

ಬೇರೆ ಯಾರಾದರೂ ಆಗಿದ್ದರೆ ಗುಟ್ಟಾಗಿ ಕೆಳಗಿನ ಪಟ್ಟಿ ಹಿಡಿದು ಪಾರು ಮಾಡುತ್ತಿದ್ದರು. ನಮ್ಮತ್ತೆಗೆ ಅದು ಬಾರದು. ಆಕೆ ಕರಿ ನಾಲ್ಕನ್ನೇ ಹಿಡಿದಳು. ಶಂಕ್ರವ್ವ ಧೈರ್ಯವಾಗಿ ಏರಿದಳು. ಅರ್ಧ ದಾರಿಗೆ ದನಿ ಹರಿಯಿತು. ಕೆಮ್ಮಿ, ನೀರು ಕುಡಿದು, ಮತ್ತೆ ಏರಿದಳು. ಈ ಸಲ ದನಿಯೇ ಬರಲಿಲ್ಲ, ಬರೀ ಉಸಿರು ಬಂತು. ಕೂತವರಲ್ಲಿ ಯಾರೋ ಮರುಕದಿಂದ, “ಇರ್ಲಿ ಬಿಡ ಯವ್ವಾ, ವಯಸ್ಸಾತು,” ಎಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆಯೇ ಟಂಟಂ ಆಟೋ ಹಿಡಿದು ಯಲಬುರ್ಗಾಕ್ಕೆ ವಾಪಸು ಬಂದೆವು.

ಮರುದಿನ ಬೆಳಿಗ್ಗೆ ನಾನಿನ್ನೂ ಅತ್ತೆಯ ಮನೆಯಲ್ಲೇ ಇದ್ದೆ, ಶಂಕ್ರವ್ವ ಬಂದಳು. ಅಟ್ಟದ ಮೇಲಿದ್ದ ಅಜ್ಜನ ಪೇಟಿಯನ್ನು ನನ್ನ ಕೈಯಿಂದಲೇ ಇಳಿಸಿಕೊಂಡಳು. ಅತ್ತೆಗೆ ಬೋರ್ಡು ಹಚ್ಚಲು ಹೇಳಿದಳು. “ಕರಿ ನಾಕು ಒತ್ತು,” ಎಂದಳು. ಅತ್ತೆ ಬೋರ್ಡಿನಲ್ಲಿ ಒತ್ತಿದಳು. ಶಂಕ್ರವ್ವ ತಾನೇ ಪೇಟಿಗೆ ಗಾಳಿ ಹಾಕಿ ಅದೇ ಪಟ್ಟಿಯನ್ನು ಒಂದು ಬೆರಳಿನಿಂದ ಒತ್ತಿದಳು. ಎರಡು ಸ್ವರಗಳು ಒಂದರ ಮೈಮೇಲೊಂದು ಬಿದ್ದು ಜಗಳಾಡಿದವು. ಅವಳ ದನಿ ಹೋಗಿತ್ತು, ಕಿವಿ ಹೋಗಿರಲಿಲ್ಲ.

“ನನ್ನ ದನಿ ಸತ್ತದ್ದು ನಿನಗ ಗೊತ್ತಿತ್ತು,” ಎಂದಳು. “ಮಣ್ಣು ಕೊಡಾಕರ ನನ್ನ ಕರೀಬೇಕಿತ್ತಲ್ಲ?”

ಅತ್ತೆ ಬೋರ್ಡು ಸರಿಸಿ ಎದ್ದಳು. ಅಷ್ಟರಲ್ಲಿ ಶಂಕ್ರವ್ವ ಹೊಸ್ತಿಲು ದಾಟಿದ್ದಳು.

ಆಮೇಲೆ ಶಂಕ್ರವ್ವ ಬರಲಿಲ್ಲ. ಅತ್ತೆ ಕರೆಯಲು ಹೋದರೆ “ಕೆಲಸ ಐತಿ” ಎಂದು ಒಳಗಿನಿಂದಲೇ ಹೇಳುತ್ತಿದ್ದಳಂತೆ. ಒಂದೇ ಓಣಿ, ಒಂದೇ ನಳ. ಅತ್ತೆ ನೀರಿಗೆ ಬಂದರೆ ಅವಳು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುತ್ತಿದ್ದಳು. ಭಜನೆಯ ದಿನ ಸಂಜೆ ಅತ್ತೆ ಪಡಸಾಲೆ ಸಾರಿಸಿ, ಚಾಪೆ ಹಾಸಿ, ಊದುಬತ್ತಿ ಹಚ್ಚಿ ಕೂರುತ್ತಿದ್ದಳು. ಊದುಬತ್ತಿ ಉರಿದು ಮುಗಿದ ಮೇಲೆ ಚಾಪೆ ಸುತ್ತಿಡುತ್ತಿದ್ದಳು. ಫೋನು ಮಾಡಿದರೆ ಮೊದಲಿನಂತೆ ಬೈಯುತ್ತಲೂ ಇರಲಿಲ್ಲ. ಅತ್ತೆ ಬೈಯದ್ದಕ್ಕೆ ನನಗೆ ಹೆದರಿಕೆಯಾಯಿತು.

ಮುಂದೊಂದು ಭಾನುವಾರ ಹೋದರೆ, ಆಶ್ಚರ್ಯ! ಮನೆಯೊಳಗಿನಿಂದ ಇಡೀ ಮೇಳ ಕೇಳಿಸುತ್ತಿದೆ. ಓಡಿ ಒಳಗೆ ಹೋದೆ. ಅತ್ತೆ ಒಬ್ಬಳೇ! ಆ ಆರ್ಕೆಸ್ಟ್ರಾದವನಿಗೆ ಫೋನು ಹಚ್ಚಿ ಕೇಳಿ, ಒಂದು ಪಟ್ಟಿ ಒತ್ತಿದರೆ ಬೇರೆ ಬೇರೆ ಎತ್ತರದ ಹಲವು ಸ್ವರಗಳು ಒಟ್ಟಿಗೇ ಬರುವಂತೆ ಮಾಡಿಕೊಂಡಿದ್ದಳು.

“ಕೇಳಿಲ್ಲಿ,” ಎಂದು ಒಂದೊಂದನ್ನೇ ಬಿಡಿಸಿ ನುಡಿಸಿದಳು. “ಈ ದಪ್ಪಂದು ಬಸಮ್ಮ ಟೀಚರು. ಈ ಸಣ್ಣಂದು ಕೊಟ್ರವ್ವ, ಮೂಗಿನ್ಯಾಗ ಹಾಡ್ತಿದ್ಲಲ್ಲ. ಇದು ಗೌರವ್ವ.”

“ಗೌರವ್ವ ಸತ್ತು ಹೋಗ್ಯಾಳಲ್ಲ ಅತ್ತಿ!”

“ಹೌದು. ಅದಕ್ಕ ಈಗ ವ್ಯಾಳ್ಯಾಕ್ಕ ಸರಿಯಾಗಿ ಬರ್ತಾಳ!”

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. “ಇದರಾಗ ಶಂಕ್ರವ್ವ ಯಾವಕಿ?”

ಅತ್ತೆ ಬೋರ್ಡಿನ ಮೇಲಿನ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದಳು. “ಆಕಿನ್ನ ಹಾಕಿಲ್ಲ,” ಎಂದಳು. “ಆಕಿ ಇಲ್ಲೇ ಅದಾಳಲ್ಲ, ಓಣ್ಯಾಗ.”

ಆ ಸಂಜೆ ಅತ್ತೆ ಮತ್ತೆ ನುಡಿಸಲು ಕೂತಾಗ ಬಾಗಿಲಲ್ಲಿ ನೆರಳು ಬಿತ್ತು. ಶಂಕ್ರವ್ವ! ಕೈಯಲ್ಲೊಂದು ಬಟ್ಟಲು. ಒಳಗೆ ಬರಲಿಲ್ಲ, ಅತ್ತೆಯನ್ನು ನೋಡಲೂ ಇಲ್ಲ.

“ತಮ್ಮಾ, ಹೆಪ್ಪಿಗೆ ಒಂದೀಟು ಮಸರು ಬೇಕಾಗಿತ್ತು,” ಎಂದಳು ನನಗೆ.

ನಾನು ಎದ್ದು ಮೊಸರು ತಂದುಕೊಟ್ಟೆ. ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಳು. ಅತ್ತೆಯ ಬೆರಳುಗಳು ನಿಂತಿದ್ದವು.

“ನಿಮ್ಮತ್ತಿನ್ನ ಕೇಳು,” ಎಂದಳು ಕೊನೆಗೆ, ಇನ್ನೂ ನನ್ನನ್ನೇ ನೋಡುತ್ತ. “ಅವತ್ತು ಎಷ್ಟು ಇಳಿಸಿದ್ಲಂತ?”

“ಮೂರು,” ಎಂದಳು ಅತ್ತೆ, ದನಿ ಕೇಳಿಸದಷ್ಟು ಮೆಲ್ಲಗೆ.

ಶಂಕ್ರವ್ವ ಬಟ್ಟಲನ್ನು ಹೊಸ್ತಿಲ ಬದಿಗಿಟ್ಟಳು. ಮೊಣಕಾಲು ಹಿಡಿದುಕೊಂಡು ಒಳಗೆ ಬಂದು ಚಾಪೆಯ ಮೇಲೆ ಅತ್ತೆಯ ಪಕ್ಕಕ್ಕೆ ಕೂತಳು.

“ಮೂರಕ್ಕ ಬರೂದಿಲ್ಲ. ಮುಂಜಾನೆ ಒಲಿ ಮುಂದ ಆ ಎತ್ತರಕ್ಕ ಹಾಡಿ ನೋಡೀನಿ,” ಎಂದಳು. “ಇನ್ನೊಂದು ಇಳಸ.”

ಅತ್ತೆ ಇಳಿಸಿದಳು. ಮಂಡಳಿಯ ಉಳಿದ ಸ್ವರಗಳನ್ನೆಲ್ಲ ತೆಗೆದುಹಾಕಿದಳು. ಒಂದೇ ಸ್ವರ ಉಳಿಯಿತು. ಶಂಕ್ರವ್ವ ಹಾಡಿದಳು. ಅದು ಹೊಲ ದಾಟುವ ದನಿಯಾಗಿರಲಿಲ್ಲ, ಪಡಸಾಲೆ ದಾಟಿದ್ದರೆ ಹೆಚ್ಚು. ಪಕ್ಕದಲ್ಲಿ ಕೂತವರಿಗೆ ಹೇಳುವ ಮಾತಿನಂತೆ ತಗ್ಗಿನಲ್ಲಿ ನಡೆಯಿತು. ಎಲ್ಲೂ ಹರಿಯಲಿಲ್ಲ.

ಪೇಟಿಯಾಗಿದ್ದರೆ ಅತ್ತೆಯ ಎಡಗೈ ಗಾಳಿ ಹಾಕುತ್ತಿರಬೇಕಿತ್ತು. ಕಂಪ್ಯೂಟರಿಗೆ ಗಾಳಿ ಬೇಡ. ಕೆಲಸವಿಲ್ಲದ ಆ ಕೈ ಸ್ವಲ್ಪ ಹೊತ್ತು ಚಾಪೆಯ ಮೇಲೆ ಸುಮ್ಮನಿತ್ತು. ಆಮೇಲೆ ಮೆಲ್ಲಗೆ ಹೋಗಿ ಗೆಳತಿಯ ಮೊಣಕಾಲ ಮೇಲೆ ಕೂತಿತು. ಶಂಕ್ರವ್ವ ಹಾಡು ನಿಲ್ಲಿಸಲಿಲ್ಲ. ಕೈಯನ್ನು ಸರಿಸಲೂ ಇಲ್ಲ.