ಕಾಕಾರ ಹೆಸರು ಮೊದಲು

ಮೊದಲ ಪ್ರೂಫ್

ನನ್ನ ತಮ್ಮನ ಮಗಳ ಲಗ್ನಪತ್ರಿಕೆಯಲ್ಲಿ ಕಾಕಾರ ಹೆಸರು ಎಲ್ಲರಿಗಿಂತ ಕೆಳಗೆ ಬಂತು, ಕೂಸುಗಳಿಗಿಂತಲೂ ಕೆಳಗೆ. ತಮ್ಮ ತೀರಿಕೊಂಡಿದ್ದ. ಕಮಲಾಪುರದ ಕಾಕಾ, ಅಂದರೆ ನಮ್ಮ ಚಿಕ್ಕಪ್ಪ, ಮುಂದೆ ನಿಂತು ಮದುವೆ ಮಾಡಿಸಬೇಕು. ಹೆಸರು ಹಿಂದಾದರೆ ಅವರು ಮಂಟಪಕ್ಕೆ ಕಾಲಿಡುವವರಲ್ಲ.

ಪ್ರೆಸ್ಸು ನನ್ನದೇ, ಸೇಡಂ ರಸ್ತೆಯಲ್ಲಿ. ಅಚ್ಚಿನ ಮೊಳೆ ಜೋಡಿಸಿ ಬೆಳೆದವನು, ಆಗಷ್ಟೇ ಕಂಪ್ಯೂಟರಿನಲ್ಲಿ ಎಕ್ಸ್‌ಎಂಎಲ್ ಎಂಬ ಹೊಸ ಪದ್ಧತಿ ಹಿಡಿದಿದ್ದೆ. ಒಂದು ಫೈಲಿನಲ್ಲಿ ಹೆಸರುಗಳು. ಹಿರಿಯರು, ಕಿರಿಯರು ಎಂದು ಗುರುತು. ಇನ್ನೊಂದರಲ್ಲಿ ಯಾವ ಗುರುತನ್ನು ಹೇಗೆ ಅಚ್ಚು ಮಾಡಬೇಕೆಂಬ ನಿಯಮ. ಹಿರಿಯರ ನಿಯಮವನ್ನೇ ಮೊದಲು ಬರೆದಿದ್ದೆ.

“ಅದರಿಂದ ಏನೂ ಆಗಂಗಿಲ್ಲಪ್ಪ,” ಅಂದಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಗಳು. “ಕಂಪ್ಯೂಟರ್ ಹೆಸರಿನ ಫೈಲ್ ಮ್ಯಾಲಿಂದ ಓದ್ಕೋತ ಬರ್ತದ. ಯಾರು ಎದುರು ಸಿಗ್ತಾರೋ ಅವರ ನಿಯಮ ಹುಡುಕ್ತದ. ಕಾಕಾ ಮುತ್ಯಾನ ಹೆಸರು ಕಡೀಕ ಟೈಪ್ ಮಾಡಿದವರು ಯಾರು?”

ನಾನೇ.

ಎರಡನೇ ಪ್ರೂಫ್

ಕಾಕಾರ ಹೆಸರನ್ನು ಫೈಲಿನ ಮೇಲಕ್ಕೆ ತಂದೆ. ನನ್ನ ನಿಯಮದ ಮೇಲೆ ನಂಬಿಕೆ ಹೋಗಿ, ಅದನ್ನು ಬಿಸಾಕಿ, ಹಿಂದಿನ ಗಿರಾಕಿಯ ಪತ್ರಿಕೆಯ ನಿಯಮ ಎತ್ತಿಕೊಂಡೆ. ಆ ಮನೆಯ ಹಿರಿಯರೆಲ್ಲ ತೀರಿದ್ದರಿಂದ, ಅದರಲ್ಲಿ ಹಿರಿಯರಿಗೆ ‘ದಿವಂಗತ’ ಎಂದಿತ್ತು. ಅದನ್ನು ಮುಚ್ಚಲೆಂದು ಅದರ ಮೇಲೆ, ಎಲ್ಲ ಹೆಸರಿಗೂ ‘ಶ್ರೀ’ ಎಂದು ಹೊಸ ನಿಯಮ ಹಾಕಿದೆ.

ಕಾಕಾ ದಿವಂಗತರಾಗಿ ಬಂದರು.

“ಹೊಸದು ಮ್ಯಾಲ ಅದಲ್ಲ?” ಮಗಳನ್ನು ಕೇಳಿದೆ.

“ಮ್ಯಾಲ ಕೆಳಗ ನೋಡಂಗಿಲ್ಲಪ್ಪ. ಎಲ್ಲಾರಿಗೂ ಅಂದದ್ದಕ್ಕಿಂತ, ಹಿರಿಯರಿಗೇ ಅಂತ ಹೇಳಿದ್ದು ಗೆಲ್ತದ.”

ಹೆಂಡತಿ ಇಣುಕಿ ನೋಡಿದಳು. “ಲಗ್ನಕ್ಕ ಬರ್ತಾರೋ ಇಲ್ಲೋ ಅಂತ ಅಂಜಿದ್ರಿ. ಈಗ ಬರದೇ ಇರ್ಲಿಕ್ಕೆ ನೀವೇ ಕಾರಣ ಕೊಟ್ರಿ ಬಿಡ್ರಿ.”

ಅಚ್ಚಾದ ಪತ್ರಿಕೆ

ದಿವಂಗತ ತೆಗೆದೆ. ಸಾಲು ಮತ್ತೆ ತಪ್ಪಬಾರದೆಂದು ಫೈಲಿನಲ್ಲಿ ಕಾಕಾರ ಹೆಸರಿನ ಕೆಳಗೆ ನನಗೇ ಒಂದು ಟಿಪ್ಪಣಿ ಬರೆದುಕೊಂಡೆ. ಅದರ ಗುರುತಿಗೆ ನಿಯಮ ಕೊಡಲಿಲ್ಲ. ನಿಯಮವಿಲ್ಲದ್ದು ಅಚ್ಚಾಗದು ಅಂದುಕೊಂಡೆ. ಮೂರನೇ ಪ್ರೂಫ್ ತೆಗೆಯಲಿಲ್ಲ. ಎರಡರಲ್ಲೇ ಸಾಕಷ್ಟು ನಾಚಿಕೆಯಾಗಿತ್ತು.

ನಿಯಮವಿಲ್ಲದ ಮಾತನ್ನು ಕಂಪ್ಯೂಟರು ಇದ್ದಂತೆಯೇ ಹೊರಗೆ ಹಾಕುತ್ತದಂತೆ. ಮಗಳು ಹೇಳುವಷ್ಟರಲ್ಲಿ ಪತ್ರಿಕೆಗಳು ಊರೆಲ್ಲ ಹಂಚಿ ಹೋಗಿದ್ದವು.

ಕಮಲಾಪುರಕ್ಕೆ ಓಡಿದೆ. ಕಾಕಾ ಕಟ್ಟೆಯ ಮೇಲೆ ಕೂತು, ನಾಲ್ಕು ಮಂದಿಯ ಮುಂದೆ, ತಮ್ಮ ಹೆಸರಿನ ಕೆಳಗಿನ ಸಾಲು ಓದುತ್ತಿದ್ದರು: “‘ಇವರನ್ನ ಮೊದಲ ಹಾಕು. ಇಲ್ಲಾಂದ್ರ ಊಟದಾಗ ಜಗಳ ತೆಗೀತಾರ.’”

ನಾನು ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೆ ನಿಂತೆ.

“ಮೊದಲ ಹಾಕೀದಿಲ್ಲೋ?” ಅಂದರು.

“ಹಾಕೀನ್ರಿ ಕಾಕಾ.”

ಮದುವೆಗೆ ಬಂದರು. ಮುಂದೆ ನಿಂತು ಎಲ್ಲ ಮಾಡಿಸಿದರು. ಊಟಕ್ಕೆ ಕೂತು, ಸಾರು ಆರಿದೆ ಎಂದು ದೊಡ್ಡ ಜಗಳ ತೆಗೆದರು.

“ಯಾಕ್ರೀ ಕಾಕಾ?”

“ಜಗಳ ತೆಗೀತಾರ ಅಂತ ಅಚ್ಚ ಹಾಕಿ ಊರಿಗೆಲ್ಲ ಹಂಚೀದಿ. ನಿನ್ನ ಮಾತ ಸುಳ್ಳ ಮಾಡ್ಲೇನು?”

ಸಾರು ಮತ್ತೆ ಕಾಸಿದೆವು.