ಮೂರನೇ ಸಾಲಿನ ನಗು

ನನ್ನ ತಮ್ಮ ಇಪ್ಪತ್ತೆರಡು ಬೇಸಗೆ ನಾಟಕ ಕಂಪೆನಿಯಲ್ಲಿ ಇದ್ದವನು. ಆದರೆ ಒಂದು ದಿನವೂ ವೇದಿಕೆ ಹತ್ತಿದವನಲ್ಲ! ಬಣ್ಣ ಹಚ್ಚಲಿಲ್ಲ, ಪರದೆ ಎಳೆಯಲಿಲ್ಲ, ಹಾರ್ಮೋನಿಯಂ ಮುಟ್ಟಲಿಲ್ಲ. ಮತ್ತೆ ಎಂತ ಮಾಡುತ್ತಿದ್ದ ಎಂದು ಕೇಳುತ್ತೀರಾ? ನಗುತ್ತಿದ್ದ. ಮೂರನೇ ಸಾಲಿನ ಬದಿಯ ಕುರ್ಚಿಯಲ್ಲಿ ಕುಳಿತು ಎಲ್ಲರಿಗಿಂತ ಮೊದಲು ನಗುವುದೇ ಅವನ ಪಾತ್ರ.

ಸುಳ್ಳಲ್ಲ ಮಾರಾಯ್ರೆ. ನಮ್ಮ ಕಡೆಯವರು ತುಳು ಹಾಸ್ಯ ನಾಟಕಕ್ಕೆ ಓಡೋಡಿ ಬರುತ್ತಾರೆ, ಬಂದ ಮೇಲೆ ಮೊದಲ ಹತ್ತು ನಿಮಿಷ ನಗುವುದಿಲ್ಲ. ಪಕ್ಕದವರು ನಗಲಿ, ಆಮೇಲೆ ನೋಡುವ ಎಂಬ ಗತ್ತು. ಕುರ್ಚಿ ಎಳೆದು ಸರಿ ಮಾಡಬೇಕು, ಚರುಮುರಿಯ ಪೊಟ್ಟಣ ಬಿಡಿಸಬೇಕು, ಎದುರಿಗೆ ಕುಳಿತವಳು ಯಾರ ಮನೆಯ ಸೊಸೆ ಎಂದು ನಿಶ್ಚಯ ಮಾಡಿಕೊಳ್ಳಬೇಕು. ಅಷ್ಟರಲ್ಲಿ ಹಾಸ್ಯಗಾರ ನಾಲ್ಕು ಮಾತು ಹೇಳಿ ಬೆವರಿ ಒದ್ದೆಯಾಗಿರುತ್ತಾನೆ! ಅದಕ್ಕೇ ಕಂಪೆನಿಯ ಯಜಮಾನರು ನನ್ನ ತಮ್ಮನನ್ನು ವ್ಯಾನಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಎಣ್ಣೆ ಕಾಣದ ಬಾವಿಯ ರಾಟೆ ತಿರುಗಿದ ಹಾಗೆ ಅವನ ನಗು. ಅದನ್ನು ಕೇಳಿ ಪಕ್ಕದವರು ನಗುವರು, ಅವರನ್ನು ನೋಡಿ ಹಿಂದಿನವರು, ಕೊನೆಗೆ ಗೇಟಿನ ಹತ್ತಿರ ಕಡಲೆ ಮಾರುವವನೂ.

ಮಳೆಗಾಲದಲ್ಲಿ ಅವನಿಗೆ ಉದ್ಯಾವರದಲ್ಲಿ ಕೊಡೆ ರಿಪೇರಿಯ ಕೆಲಸ. ಮಳೆ ನಿಂತಿತೋ, ಕೊಡೆ ಯಾರಿಗೆ ಬೇಕು? ನಾಟಕ ಶುರುವಾಗುವುದೂ ಮಳೆ ನಿಂತ ಮೇಲೆಯೇ. ದೇವರು ಎಷ್ಟು ಚೆಂದ ಹೊಂದಿಸಿದ್ದಾನೆ ನೋಡಿ! ಆದರೆ ಮನೆಯಲ್ಲಿ ಮಾತ್ರ ಒಂದು ಹಲ್ಲೂ ತೋರಿಸುವವನಲ್ಲ. ಅವನ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದಳು: "ಅತ್ತಿಗೆ, ಇವರ ನಗು ಕೇಳಬೇಕಾದರೆ ನಾನೂ ಟಿಕೆಟ್ ತೆಗೆದು ಹೋಗಬೇಕಷ್ಟೆ."

ಒಮ್ಮೆ ಕಾರ್ಕಳದಲ್ಲಿ ಎಂತ ಆಯಿತು ಗೊತ್ತುಂಟಾ? ಹಿಂದಿನ ದಿನದ ನಿದ್ದೆ ಬಾಕಿ ಇತ್ತು, ಕುರ್ಚಿಯಲ್ಲೇ ತೂಕಡಿಸಿದ. ಥಟ್ಟನೆ ಎಚ್ಚರವಾದಾಗ ತನ್ನ ಸಮಯ ತಪ್ಪಿತೆಂದು ಗಾಬರಿಯಾಗಿ, ವೇದಿಕೆಯ ಕಡೆ ನೋಡದೆಯೇ ರಾಟೆ ತಿರುಗಿಸಿಬಿಟ್ಟ. ವೇದಿಕೆಯಲ್ಲಿ ತಾಯಿ ಸಾಯುವ ದೃಶ್ಯ! ಮಕ್ಕಳು ಎದೆ ಬಡಿದುಕೊಂಡು ಅಳುತ್ತಿದ್ದಾರೆ, ಇಡೀ ಮೈದಾನ ಗೊಳ್ಳೆಂದು ನಗುತ್ತಿದೆ. ಸತ್ತು ಮಲಗಿದವಳ ಹೊಟ್ಟೆಯೂ ಕುಣಿಯತೊಡಗಿತು. ಆಗ ಹಾಸ್ಯಗಾರ, ಕಾಪುವಿನವನು, ನನ್ನ ತಮ್ಮನ ಜೀವದ ಗೆಳೆಯ, ತನ್ನ ದೃಶ್ಯ ಅಲ್ಲದಿದ್ದರೂ ಒಳಗೆ ನುಗ್ಗಿ ಬಂದ. ಹೆಣದ ಬಳಿ ಕುಳಿತು ಹೇಳಿದ: "ಅಳಬೇಡಿ ಮಕ್ಕಳೇ. ಅಮ್ಮ ಬದುಕಿದ್ದಾಗ ನಿಮ್ಮಿಂದಾಗಿ ನಗಲೇ ಇಲ್ಲ, ಈಗಲಾದರೂ ನಗಲಿ!" ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಮರುದಿನದಿಂದ ಆ ಮಾತು ನಾಟಕದಲ್ಲೇ ಸೇರಿತು.

ಅವರಿಬ್ಬರ ಗೆಳೆತನವೇ ಹಾಗೆ. ನಾನೊಮ್ಮೆ ಕೇಳಿದೆ: "ಅಲ್ಲ ತಮ್ಮ, ನಲ್ವತ್ತು ಸಲ ಕೇಳಿದ ಮಾತಿಗೆ ನಲ್ವತ್ತೊಂದನೇ ಸಲ ನಗು ಹೇಗೆ ಬರುತ್ತದೆ?"

"ನಾನು ಮಾತಿಗೆ ನಗುವುದಲ್ಲ ಅಕ್ಕ. ಅವನು ದಿನಾ ಹೆದರುತ್ತಾನೆ. ಬಣ್ಣದ ಒಳಗೆ ನಡುಗುವುದು ನನಗೆ ಕಾಣುತ್ತದೆ. ಇಷ್ಟು ದೊಡ್ಡ ಗಂಡಸು, ಪರೀಕ್ಷೆಗೆ ಹೋಗುವ ಮಗುವಿನ ಹಾಗೆ! ಅದನ್ನು ನೋಡಿದರೆ ಪ್ರೀತಿ ಉಕ್ಕಿ ನಗು ಬಂದುಬಿಡುತ್ತದೆ."

ಈ ನಗುವಿನಿಂದ ಅವನಿಗೆ ಒಂದು ಕಷ್ಟವೂ ಬಂತು. ಊರೂರಿನ ಜನಕ್ಕೆ ಅವನ ಮುಖ ಗುರುತಾಗಿಹೋಯಿತು. ಬೆಳ್ಮಣ್ಣಿನಲ್ಲಿ ನಮ್ಮ ಸಂಬಂಧಿಕರೊಬ್ಬರು ತೀರಿಕೊಂಡಾಗ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋಗಿದ್ದೆವು. ಪಾಪ, ಇವನು ತಲೆ ತಗ್ಗಿಸಿ ಕುಳಿತಿದ್ದ. ಎದುರಿಗಿದ್ದ ಹೆಂಗಸೊಬ್ಬಳು ಇವನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಅವಳ ಪಕ್ಕದವಳು ಕೆಮ್ಮಿದ ಹಾಗೆ ಮಾಡಿದಳು. ಐದು ನಿಮಿಷದಲ್ಲಿ ಸಾಲಿಡೀ ಭುಜ ಕುಲುಕಿಸುತ್ತಿತ್ತು! ಸತ್ತವರ ಮಗ ಬಂದು ಮೆಲ್ಲಗೆ ಹೇಳಿದ: "ಮಾವ, ತಪ್ಪು ತಿಳಿಯಬೇಡಿ. ನಿಮಗೆ ಒಳಗೆ ಬಡಿಸಲಿಕ್ಕೆ ಹೇಳುತ್ತೇನೆ." ಮನೆಯವರೆಲ್ಲ ಎಷ್ಟೋ ವರ್ಷ ಇದನ್ನು ಹೇಳಿ ಹೇಳಿ ನಕ್ಕೆವು. ಅವನು ನಕ್ಕನೋ ಇಲ್ಲವೋ ಎಂದು ಯಾರು ನೋಡಿದರು?

ಎರಡು ವರ್ಷದ ಹಿಂದೆ, ಬೇಸಗೆ ಮುಗಿಯುವ ಹೊತ್ತಿಗೆ, ಕಾಪುವಿನ ಗೆಳೆಯ ಹೋಗಿಬಿಟ್ಟ. ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಲ್ಲೇ ಬಿದ್ದ, ಹೃದಯಾಘಾತ. ಸುದ್ದಿ ತಿಳಿದು ನಾನೂ ತಮ್ಮನೂ ಹೋದೆವು. ಅಂಗಳದ ತುಂಬ ಜನ, ಎಲ್ಲರೂ ನಾಟಕ ನೋಡಿದವರೇ. ತಮ್ಮ ಗೇಟಿನ ಬಳಿ ನಿಂತುಬಿಟ್ಟ.

"ಬಾ ಮಾರಾಯ, ಕೊನೆಯ ಸಲ ಮುಖ ನೋಡು," ಎಂದೆ.

"ನೀನು ಹೋಗು ಅಕ್ಕ. ನನ್ನನ್ನು ನೋಡಿ ಯಾರಾದರೂ ನಕ್ಕರೆ?"

ಒಳಗೆ ಬರಲೇ ಇಲ್ಲ. ಹೆಣ ಎತ್ತುವವರೆಗೆ ರಸ್ತೆಯಲ್ಲಿ, ಬಿಸಿಲಿನಲ್ಲಿ ನಿಂತಿದ್ದ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಮುಂದಿನ ಬೇಸಗೆಯಲ್ಲಿ ಕಂಪೆನಿಯ ವ್ಯಾನು ಎರಡು ಸಲ ಮನೆಯ ಮುಂದೆ ಬಂದು ಹಾರ್ನ್ ಹೊಡೆದು ಹೋಯಿತು, ಇವನು ಏಳಲಿಲ್ಲ. ಬಿರುಬೇಸಗೆಯಲ್ಲೂ ಹಳೆಯ ಕೊಡೆ ಬಿಚ್ಚಿ, ಕಡ್ಡಿ ಎಣಿಸಿ, ಮತ್ತೆ ಮಡಚುತ್ತ ಕುಳಿತ. ಅವನ ಹೆಂಡತಿ ಹೇಳಿದಳು: "ನಗುವುದು ಬೇಡ ಅತ್ತಿಗೆ, ಒಮ್ಮೆ ಅತ್ತರೆ ಸಾಕಿತ್ತು. ಅದೂ ಇಲ್ಲ. ಕಲ್ಲಿನ ಜೊತೆ ಊಟಕ್ಕೆ ಕುಳಿತ ಹಾಗೆ ಆಗುತ್ತದೆ ನನಗೆ."

ಈ ವರ್ಷ ಎಂತ ಆಯಿತೆಂದರೆ, ಹೇಳುವಾಗಲೇ ನನಗೆ ಎದೆ ತುಂಬಿ ಬರುತ್ತದೆ, ನನ್ನ ಮಗಳ ಮಗಳು ಕಂಪೆನಿ ಸೇರಿದಳು! ಮಣಿಪಾಲದಲ್ಲಿ ಓದುವ ಹುಡುಗಿ. ಬನ್ನಂಜೆಯ ಸಭಾಭವನದಲ್ಲಿ ಹತ್ತು ಸಂಜೆ ಹತ್ತು ನಾಟಕ, ಕೆಲವು ಹಾಡಿನವು, ಕೆಲವು ಹಾಸ್ಯದವು. ಮೊದಲ ಸಂಜೆಯೇ ಅವಳಿಗೆ ಕೆಲಸದಾಳಿನ ಪಾತ್ರ. ಯಾರ ಪಾತ್ರ ಅದು? ಕಾಪುವಿನವನದೇ. ಹೆಣ್ಣಾಗಿ ಬದಲಿಸಿ ಕೊಟ್ಟಿದ್ದರು. ನಾನು ಮೀನಿನವಳಿಗೆ ಹೇಳಿದೆ, ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಬಿ.ಪಿ. ನೋಡುವ ನರ್ಸಮ್ಮನಿಗೂ ಹೇಳಿದೆ. ಅವರು, "ಅಜ್ಜಿ, ಮಾತಾಡಬೇಡಿ, ಏರುತ್ತಾ ಉಂಟು," ಎಂದರು!

ಆದರೆ ತಮ್ಮ ಬರುವುದಿಲ್ಲವೆಂದು ಹಟ ಹಿಡಿದ. ಕೊನೆಗೆ ಮೊಮ್ಮಗಳೇ ಹೋಗಿ ಅವನ ಮುಂದೆ ನೆಲದಲ್ಲಿ ಕುಳಿತಳು.

"ಅಜ್ಜ, ನೀವು ನಗುವುದು ಬೇಡ. ಬಂದು ಕುಳಿತುಕೊಳ್ಳಿ, ಸಾಕು."

"ಮದುವೆಗೆ ಬನ್ನಿ, ಊಟ ಮಾಡಬೇಡಿ ಎಂದ ಹಾಗಾಯಿತಲ್ಲ!"

"ನನಗೆ ಹೆದರಿಕೆ ಆಗುತ್ತದೆ ಅಜ್ಜ."

ಅವನು ಕೈಯಲ್ಲಿದ್ದ ಕೊಡೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ಆ ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಿಕ್ಷಾ ಹತ್ತಿದ.

ಮೂರನೇ ಸಾಲು, ಬದಿಯ ಕುರ್ಚಿ. ಪಕ್ಕದಲ್ಲಿ ನಾನು. ಪರದೆ ಸರಿಯಿತು, ನನ್ನ ಮಗು ಕಸ ಗುಡಿಸುವ ಹಿಡಿಸೂಡಿ ಹಿಡಿದು ಬಂತು. ಮನೆಯ ಯಜಮಾನ ಕೇಳಿದ (ಅವರು ಆಡಿದ್ದು ತುಳುವಿನಲ್ಲಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ): "ಹಿಂದಿನ ಮನೆ ಯಾಕೆ ಬಿಟ್ಟೆ?"

"ನಾನೆಲ್ಲಿ ಬಿಟ್ಟೆ, ಧನಿಗಳೇ? ನನ್ನ ಕೆಲಸ ನೋಡಿ ಅವರೇ ಮನೆ ಬಿಟ್ಟು ಹೋದರು!"

ಇಷ್ಟು ಒಳ್ಳೆಯ ಮಾತು! ಆದರೆ ಸಭೆ ಎಂತ ಮಾಡಿತು? ಚರುಮುರಿ ತಿಂದಿತು. ಮುಂದಿನವನು ಮೊಬೈಲು ಎತ್ತಿ ಹಿಡಿದ. ಒಂದು ಸದ್ದಿಲ್ಲ. ಹಿಡಿಸೂಡಿ ಹಿಡಿದ ಆ ಚಿಕ್ಕ ಬೆರಳುಗಳು ನಡುಗುವುದು ನನಗೂ ಕಂಡಿತು.

ತಮ್ಮನ ಕಡೆ ತಿರುಗಿದೆ. ಅವನ ಬಾಯಿ ತೆರೆದಿತ್ತು, ಸ್ವರ ಹೊರಡುತ್ತಿರಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಆಗ ನಾನು ನಕ್ಕೆ. ಹುಟ್ಟಿದ ಮೇಲೆ ನಾಲ್ಕು ಜನರ ನಡುವೆ ಗಟ್ಟಿಯಾಗಿ ನಕ್ಕವಳಲ್ಲ ನಾನು. ಎಂಥ ಸ್ವರ ಬಂತೋ ದೇವರೇ ಬಲ್ಲ, ಕೋಳಿಯ ಕೊರಳು ಹಿಡಿದ ಹಾಗೆ! ಎದುರಿನ ಸಾಲಿನವರೆಲ್ಲ ತಿರುಗಿ ನೋಡಿದರು. ಒಬ್ಬಳು ನಕ್ಕಳು. ಅವಳ ಗಂಡ ನಕ್ಕ. ಹಿಂದಿನಿಂದ ಒಂದು ಮಗು ಕೇಕೆ ಹಾಕಿತು. ಆಮೇಲೆ ಸಭಾಭವನವಿಡೀ ಹೊಟ್ಟೆ ಹಿಡಿದುಕೊಂಡಿತು. ಮೊಮ್ಮಗಳು ಹಿಡಿಸೂಡಿಯನ್ನು ಹೆಗಲಿಗೇರಿಸಿ ಮುಂದಿನ ಮಾತು ಹೊಡೆದಳು ನೋಡಿ, ಅಬ್ಬಬ್ಬಾ!

ಆಗ ತಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅವನ ಮೈಯೆಲ್ಲ ಕುಲುಕುತ್ತಿತ್ತು. ಎರಡು ವರ್ಷದಿಂದ ಬಾರದ ಅಳು, ಹೆಣದ ಮುಂದೆ ಅಳಬೇಕಾಗಿದ್ದ ಅಳು, ಈಗ ಬಂದಿತ್ತು. ಸುತ್ತಲೂ ಎಲ್ಲರೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಜನರ ನಡುವೆ ಇವನೊಬ್ಬ ಅಳುತ್ತಿದ್ದಾನೆಂದು ಯಾರಿಗೂ ತಿಳಿಯಲಿಲ್ಲ.

ನಗು ಸ್ವಲ್ಪ ಇಳಿದರೆ ಅವನ ಬಿಕ್ಕು ಕೇಳಿಸೀತು ಎಂದು ನನಗೆ ಭಯವಾಯಿತು. ಮಾತು ಇರಲಿ, ಇಲ್ಲದಿರಲಿ, ಅವನು ಅತ್ತು ಮುಗಿಸುವವರೆಗೆ ನಾನು ನಗುತ್ತಲೇ ಇದ್ದೆ.